ಉರುಳಲ್ಲ, ಸೋಸುವ ಬಟ್ಟೆ

ಕಾಡಿನಲ್ಲಿ ಬರಿಗೈಯಿಂದ ಬದುಕುಳಿಯುವ ವಿದ್ಯೆಗೆ ಇಂದು ಎಲ್ಲಿಲ್ಲದ ಆಕರ್ಷಣೆ. ಬ್ರಿಟಿಷ್ ಸಾಹಸಿ ಬೇರ್ ಗ್ರಿಲ್ಸ್‌ನ ದೂರದರ್ಶನ ಕಾರ್ಯಕ್ರಮಗಳು ಅದನ್ನು ಮನೆಮಾತಾಗಿಸಿವೆ. ನಟ ರಜನಿಕಾಂತರೊಡನೆ ಅಂಥದೊಂದು ಕಂತಿನ ಚಿತ್ರೀಕರಣ 2020ರ ಜನವರಿಯಲ್ಲಿ ಕರ್ನಾಟಕದ ಬಂಡೀಪುರದಲ್ಲಿಯೇ ನಡೆಯಿತು. ಆಳಂದದ ಜೈನ ಮನೆಗಳ ಮಕ್ಕಳೂ ಇದನ್ನು ಕಂಡು ಬೆರಗಾದರೆ ತಪ್ಪಿಲ್ಲ. ಉರುಳೊಡ್ಡಿ ಮೊಲ ಹಿಡಿಯುವುದೂ ಹುಳು ನುಂಗುವುದೂ ಆ ವಿದ್ಯೆಯ ತಿರುಳೆಂದು ನಂಬುವುದು ಮಾತ್ರ ತಪ್ಪು.

ಆ ವಿದ್ಯೆಯನ್ನು ಬಲ್ಲವರೇ ಆಹಾರವನ್ನು ಕೊನೆಯಲ್ಲಿಡುತ್ತಾರೆ. ಮೊದಲು ಬಿಸಿಲು-ಚಳಿಗಳಿಂದ ರಕ್ಷಣೆ, ಬಳಿಕ ನೀರು. ನೀರಿಲ್ಲದೆ ಸುಮಾರು ಮೂರು ದಿನ, ಅನ್ನವಿಲ್ಲದೆ ಮೂರು ವಾರ ಎಂಬುದು ಅವರ ಸ್ಥೂಲ ಲೆಕ್ಕ. ಉಪವಾಸವನ್ನು ಬಲ್ಲ ಶ್ರಾವಕನಿಗೆ ಒಂದು ದಿನದ ಹಸಿವು ಜೀವಹತ್ಯೆಗೆ ನೆಪವಾಗಲಾರದು. ವನ್ಯಪ್ರಾಣಿಗೆ ಉರುಳೊಡ್ಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರವೂ ಅಪರಾಧ.

ನೀರಿನ ವಿಷಯದಲ್ಲಂತೂ ಜೈನಾಚಾರವೇ ಗುರು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳನ್ನು ಕಾಡಿದ ನಾರುಹುಣ್ಣು, ಮೆಟ್ಟಿಲುಬಾವಿಗಳ ನೀರಿನಲ್ಲಿದ್ದ ಸೂಕ್ಷ್ಮಜೀವಿಯ ಮೂಲಕ ಹರಡುತ್ತಿತ್ತು. ಬಟ್ಟೆಯಲ್ಲಿ ನೀರು ಸೋಸುವುದು ಅದರ ನಿರ್ಮೂಲನಕ್ಕೆ ಬಳಸಿದ ಮುಖ್ಯ ಉಪಾಯಗಳಲ್ಲೊಂದು. 2000ದಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ಘೋಷಿತವಾಯಿತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಪದರವಾಗಿ ಮಡಿಸಿ ನೀರು ಸೋಸಿದಾಗ ಕಾಲರಾ ಸುಮಾರು ಅರ್ಧದಷ್ಟು ಇಳಿಯಿತೆಂದು 2003ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅಭಕ್ಷ್ಯಗಳಲ್ಲಿ ಎಣಿಸಲಾದ ಅಜ್ಞಾತ ಫಲವೂ ಹಾಗೆಯೇ: ಹೆಸರರಿಯದ ಹಣ್ಣನ್ನು ತಿನ್ನಬಾರದೆಂಬುದು ಕಾಡಿನಲ್ಲಿ ಪ್ರಾಣ ಉಳಿಸುವ ಮೊದಲ ನಿಯಮ.

ಹಾಗೆಂದು ಹಿರಿಯರು ಹೆಮ್ಮೆಪಟ್ಟು ಸುಮ್ಮನಿರುವಂತಿಲ್ಲ. ಯಂತ್ರ ಶುದ್ಧಿಮಾಡಿದ ನೀರನ್ನು ಬಾಟಲಿಯಲ್ಲಿ ಕುಡಿದು ಬೆಳೆದ ಮಗುವಿಗೆ ಸೋಸುವ ಬಟ್ಟೆಯನ್ನು ಎಷ್ಟು ಪದರ ಮಡಿಸಬೇಕೆಂಬುದೂ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಜಲಮೂಲಕ್ಕೆ ಮರಳಿಸಬೇಕೆಂಬುದೂ ತಿಳಿಯದು. ಕೈಯಲ್ಲಿ ಇಳಿಯದ ವ್ರತ ಬಾಯಿಪಾಠ ಮಾತ್ರ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆಯ ಕಿಲ್ಲಾರಿಯಲ್ಲಿ ಕಲ್ಲು-ಮಣ್ಣಿನ ಮನೆಗಳು ಕುಸಿದವು. ಭೂಕಂಪದಲ್ಲಿ ಸಾವಿರಾರು ಜನ ಮಡಿದರು. ಅರಣ್ಯಕ್ಕೆ ಹೋಗದವನ ಮನೆಬಾಗಿಲಿಗೂ ಅರಣ್ಯದ ಸ್ಥಿತಿ ಒಂದೇ ರಾತ್ರಿಯಲ್ಲಿ ಬರಬಹುದು. ಅಂದು ನಲ್ಲಿಯೂ ಇಲ್ಲ, ಅಂಗಡಿಯೂ ಇಲ್ಲ.

ಕಲ್ಪವೃಕ್ಷಗಳು ಮರೆಯಾಗಿ ಜನ ಕಂಗೆಟ್ಟಾಗ ಆದಿನಾಥನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಕರ್ಮಗಳನ್ನು ಕಲಿಸಿದನು. ಈ ವೃತ್ತಾಂತವನ್ನು ಆದಿಪುರಾಣದಲ್ಲಿ ನಿರೂಪಿಸಿದ ಜಿನಸೇನಾಚಾರ್ಯರು ಅಮೋಘವರ್ಷ ನೃಪತುಂಗನಿಗೆ ಗುರುಗಳು. ಅವನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ಆಳಂದವಿರುವ ಕಲಬುರಗಿ ಜಿಲ್ಲೆಯಲ್ಲಿಯೇ ಇದೆ. ಬದುಕುವ ವಿದ್ಯೆ ಕಲಿಸುವುದು ಧರ್ಮಕ್ಕೆ ಹೊರತಾದುದೆಂದು ವಾದಿಸುವವರು ಪ್ರಥಮ ತೀರ್ಥಂಕರನನ್ನೇ ಮರೆತವರು.

ಆದ್ದರಿಂದ ಬಸದಿಗಳ ಆಡಳಿತ ಮಂಡಳಿಗಳು ಅಮೃತಶಿಲೆಗೂ ಮೆರವಣಿಗೆಗೂ ಕೊಡುವ ಹಣದಲ್ಲಿ ಒಂದು ಅಲ್ಪಭಾಗವನ್ನು ಇದಕ್ಕೆ ಮೀಸಲಿಡಲಿ. ಆಳಂದದ ಸುತ್ತ ದಟ್ಟ ಕಾಡಿಲ್ಲ. ಕರಿಮಣ್ಣಿನ ಬಯಲಿದೆ, ಸುಡುಬಿಸಿಲಿದೆ, ಅಮರ್ಜಾ ನದಿಯಿದೆ. ಅಷ್ಟು ಸಾಕು. ಪಾಠಶಾಲೆಯ ಮಕ್ಕಳು ವರ್ಷಕ್ಕೆರಡು ದಿನ ಅಲ್ಲಿ ನಡೆಯಲಿ. ನೆರಳು ಕಟ್ಟಲು, ನೀರು ಸೋಸಿ ಕುದಿಸಲು, ಗಾಯಕ್ಕೆ ಕಟ್ಟು ಹಾಕಲು, ನಕ್ಷತ್ರ ನೋಡಿ ದಿಕ್ಕು ತಿಳಿಯಲು, ಸೂರ್ಯಾಸ್ತದ ಮೊದಲೇ ಉಂಡು ಇರುಳನ್ನು ನಿರ್ಭಯವಾಗಿ ಕಳೆಯಲು ಕಲಿಯಲಿ. ಒಂದು ಜೀವವನ್ನೂ ಕೊಲ್ಲದೆ ತಾನೂ ಉಳಿದು ನೆರೆಯವನನ್ನೂ ಉಳಿಸಬಲ್ಲವನೇ ನಿಜವಾದ ಸಾಹಸಿ.