ಅಬ್ಬಿ ನೀರನ್ನು ಹಾಗೆಯೇ ಕುಡಿಯಬಹುದೆ?

ಮಲೆನಾಡಿನ ಓದುಗರೊಬ್ಬರು ನಮಗೊಂದು ಪತ್ರ ಬರೆದಿದ್ದಾರೆ. ಪತ್ರದಲ್ಲಿ ಸ್ವಲ್ಪ ಸಿಟ್ಟೂ ಇದೆ. ಅವರ ಮನೆಗೆ ಗುಡ್ಡದ ಹಳ್ಳದಿಂದ ಅಬ್ಬಿ ನೀರು ಬರುತ್ತದೆ. ಅಜ್ಜನ ಕಾಲದಲ್ಲಿ ಅಡಿಕೆ ದಬ್ಬೆಯಲ್ಲಿ ಬರುತ್ತಿತ್ತು, ಈಗ ಕರಿ ಪೈಪಿನಲ್ಲಿ ಬರುತ್ತದೆ, ನೀರು ಮಾತ್ರ ಅದೇ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗಲೆಲ್ಲ ‘ಕುದಿಸಿ ಕುಡಿಯಿರಿ’ ಎನ್ನುತ್ತಾರಂತೆ. ‘ಪೇಟೆಯ ನಲ್ಲಿ ನೀರಿಗೆ ಆ ಮಾತು ಸರಿ. ಹರಿಯುವ ನೀರಿಗೆ ದೋಷ ಉಂಟೆ? ನೀವಾದರೂ ಹೇಳಿ’ ಎಂದು ಕೇಳಿದ್ದಾರೆ.

ದೋಷ ಉಂಟು ಎಂದೇ ನಾವು ಹೇಳಬೇಕಾಗಿದೆ. ಮಳೆಗಾಲ ಕಾಲಿಡುವ ಹೊತ್ತಿನಲ್ಲಿ ಇದನ್ನು ಮುಚ್ಚಿಡುವುದು ತರವಲ್ಲ.

ಹರಿಯುವ ನೀರಿನಲ್ಲಿ ಗಾಳಿ ಬೆರೆಯುತ್ತದೆ, ಬಿಸಿಲು ಬೀಳುತ್ತದೆ, ಕೊಳೆತದ್ದು ನಿಧಾನವಾಗಿ ಕರಗುತ್ತದೆ. ಹಿರಿಯರು ಕಂಡದ್ದು ಸುಳ್ಳಲ್ಲ. ಆದರೆ ಅದಕ್ಕೆ ದೂರ ಬೇಕು, ಹೊತ್ತು ಬೇಕು. ನಮ್ಮ ಘಟ್ಟದ ಹಳ್ಳಗಳು ಗಿಡ್ಡ, ಇಳಿಜಾರೋ ಕಡಿದು. ಮೇಲಿನ ತೋಟದಲ್ಲಿ ಬಿದ್ದದ್ದು ಅರ್ಧ ಗಂಟೆಯಲ್ಲಿ ಕೆಳಗಿನ ಮನೆಯ ಕೊಡ ಸೇರಬಹುದು. ಟೈಫಾಯಿಡ್, ಕಾಲರಾ, ಆಮಶಂಕೆ, ಕಾಮಾಲೆ ಇವುಗಳ ರೋಗಾಣು ಅಷ್ಟರಲ್ಲಿ ಸಾಯುವುದಿಲ್ಲ.

ನೀರು ತಿಳಿಯಾಗಿದೆ, ತಣ್ಣಗಿದೆ, ರುಚಿಯಾಗಿದೆ ಎಂಬುದೂ ಸಾಕ್ಷಿಯಾಗದು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಒಂದು ಕೈಪಂಪಿತ್ತು. ಅದರ ನೀರಿನ ರುಚಿಗೆ ಮರುಳಾದ ಒಬ್ಬ ವಿಧವೆ, ಹ್ಯಾಂಪ್‌ಸ್ಟೆಡ್ ಎಂಬ ದೂರದ ಕಡೆ ವಾಸವಿದ್ದರೂ, ದಿನವೂ ಆ ನೀರನ್ನೇ ತರಿಸಿಕೊಂಡು ಕುಡಿಯುತ್ತಿದ್ದರು. ಆ ವರ್ಷ ಆ ಬೀದಿಯಲ್ಲಿ ಕಾಲರಾ ಎದ್ದಾಗ ದೂರದಲ್ಲಿದ್ದ ಆಕೆಯೂ ತೀರಿಕೊಂಡರು. ಕಾಲರಾ ನೀರಿನಿಂದ ಬರುತ್ತದೆ ಎಂದು ಡಾಕ್ಟರ್ ಜಾನ್ ಸ್ನೋ ವಾದಿಸಿದಾಗ ಅವರಿಗೆ ಒದಗಿದ ಸಾಕ್ಷಿಗಳಲ್ಲಿ ಇದೂ ಒಂದು.

‘ಅಜ್ಜ ಎಂಬತ್ತು ವರ್ಷ ಬದುಕಲಿಲ್ಲವೆ?’ ಎಂಬ ಮಾತನ್ನು ನಾವು ಎಷ್ಟೋ ಜಗಲಿಗಳ ಮೇಲೆ ಕೇಳಿದ್ದೇವೆ. ನಮ್ಮ ಅಜ್ಜಿಯೂ ಹಳ್ಳದ ನೀರು ಕುಡಿದೇ ಬಹಳ ಕಾಲ ಬದುಕಿದವರು. ಆದರೆ ಅವರು ಹೆತ್ತದ್ದು ಹನ್ನೊಂದು, ಉಳಿದದ್ದು ಆರು. ಹೋದ ಐವರಲ್ಲಿ ಇಬ್ಬರು ಮಳೆಗಾಲದ ವಾಂತಿಭೇದಿಯಲ್ಲಿ ಹೋದರು ಎಂದು ಅಜ್ಜಿಯೇ ಹೇಳುತ್ತಿದ್ದರು. ಉಳಿದವರ ಲೆಕ್ಕ ಜಗಲಿಯ ಮೇಲೆ ನಡೆಯುತ್ತದೆ. ಹೋದವರ ಲೆಕ್ಕ ಅಡುಗೆಮನೆಯಲ್ಲಿ, ಅದೂ ಎಂದಾದರೊಮ್ಮೆ. ಬೇಸಿಗೆ ರಜೆಗೆ ಪೇಟೆಯಿಂದ ಬಂದ ಮೊಮ್ಮಕ್ಕಳು ಎರಡನೆಯ ದಿನವೇ ಹೊಟ್ಟೆ ಹಿಡಿದುಕೊಂಡು ಮಲಗುವುದನ್ನೂ ನೀವು ಕಂಡಿರಬಹುದು. ಅದೇ ನೀರು ಕುಡಿದು ಬೆಳೆದ ದೇಹ ಕೆಲವು ರೋಗಾಣುಗಳನ್ನು ತಡೆದುಕೊಳ್ಳಲು ಕಲಿತಿರುತ್ತದೆ. ಹಸುಗೂಸಿಗೂ ನೆಂಟರಿಗೂ ಆ ಅಭ್ಯಾಸ ಇರುವುದಿಲ್ಲ.

ಇನ್ನೊಂದು ಸಂಗತಿ. ಅಜ್ಜನ ಕಾಲದಲ್ಲಿ ಅಬ್ಬಿಯ ಮೇಲುಗಡೆ ಕಾಡಿತ್ತು. ಕಾಡಿನಲ್ಲಿ ಹಂದಿ, ಮಂಗ, ಕಡವೆಗಳಿದ್ದವು. ಅವುಗಳ ಹೊಲಸೂ ನೀರಿಗೇ ಬರುತ್ತಿತ್ತು. ಈಗ ಅಬ್ಬಿಯ ಮೇಲುಗಡೆ ಏನಿದೆ ಎಂದು ನಮ್ಮ ಪತ್ರಲೇಖಕರು ಒಮ್ಮೆ ಹತ್ತಿ ನೋಡಿ ಬಂದರೆ ಲೇಸು. ಎಷ್ಟೋ ಕಡೆ ಹೋಂ ಸ್ಟೇಗಳು ಎದ್ದಿವೆ, ಅವುಗಳ ಶೌಚದ ಗುಂಡಿ ಹಳ್ಳದ ದಂಡೆಯಲ್ಲಿಯೇ ಇರುವುದುಂಟು. ಗುಂಡಿಗೂ ನೀರಿನ ಮೂಲಕ್ಕೂ ಕನಿಷ್ಠ 15 ಮೀಟರ್ ಅಂತರ ಬೇಕೆಂಬುದು ಸಾಮಾನ್ಯ ನಿಯಮ. ಜಂಬಿಟ್ಟಿಗೆ ನೆಲದಲ್ಲಿ ಅದೂ ಸಾಲದು, ಅದರ ಸಂದುಗಳಲ್ಲಿ ನೀರು ಓಡುತ್ತದೆ. ಕಾಫಿ ಸೀಮೆಯಲ್ಲಿ ಕೊಯ್ಲಿನ ತಿಂಗಳುಗಳಲ್ಲಿ ಪಲ್ಪರ್ ನೀರನ್ನು ಕದ್ದು ಹಳ್ಳಕ್ಕೆ ಬಿಡುವವರು ಇನ್ನೂ ಇದ್ದಾರೆ. ಅಡಿಕೆ ಸೀಮೆಯಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆದು ಡ್ರಮ್ಮನ್ನೂ ಪಂಪನ್ನೂ ಹಳ್ಳದಲ್ಲಿಯೇ ತೊಳೆಯುತ್ತೇವೆ. ಕಳೆನಾಶಕದ ಡಬ್ಬಿಯ ವಿಷಯವಂತೂ ಹೇಳುವುದೇ ಬೇಡ. ಹೊಲಸಿನ ರೋಗಾಣು ಕುದಿಸಿದರೆ ಸಾಯುತ್ತದೆ, ಔಷಧದ ವಿಷ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಗಟ್ಟಿಯಾದೀತು. ಅದಕ್ಕೆ ಮದ್ದು ಒಲೆಯ ಮೇಲಿಲ್ಲ, ಮೇಲಿನ ತೋಟದವರ ಕೈಯಲ್ಲಿದೆ.

ವರ್ಷದಲ್ಲಿ ಎರಡು ಹೊತ್ತು ಹೆಚ್ಚು ಕೆಟ್ಟವು. ಮೊದಲನೆಯದು ಜೂನ್ ತಿಂಗಳ ಮೊದಲ ಮಳೆಗಳು. ಆರು ತಿಂಗಳು ನೆಲದ ಮೇಲೆ ಬಿದ್ದದ್ದೆಲ್ಲ ಒಂದೇ ರಾತ್ರಿ ಹಳ್ಳಕ್ಕೆ ಇಳಿಯುತ್ತದೆ. ಇನ್ನೊಂದು ಏಪ್ರಿಲ್, ಮೇ. ಹಳ್ಳ ಸಣ್ಣದಾಗಿರುತ್ತದೆ, ಹೊಲಸು ಕಡಿಮೆಯಾಗಿರುವುದಿಲ್ಲ. ಮದುವೆ, ಉಪನಯನಗಳೂ ಆಗಲೇ. ಪಾನಕಕ್ಕೆ, ಮಜ್ಜಿಗೆಗೆ ಬೆರೆಸುವ ನೀರು ಎಲ್ಲಿಯದು ಎಂದು ಅಡುಗೆಯವರನ್ನು ಯಾರೂ ಕೇಳುವುದಿಲ್ಲ. ಮದುವೆ ಮುಗಿದು ಕೆಲವು ವಾರಗಳಿಗೆ ನಾಲ್ಕಾರು ಮನೆಗಳಲ್ಲಿ ಕಾಮಾಲೆ ಕಾಣಿಸಿಕೊಂಡಾಗ ಮಜ್ಜಿಗೆಯ ನೆನಪು ಯಾರಿಗೂ ಉಳಿದಿರುವುದಿಲ್ಲ.

ಏನು ಮಾಡಬೇಕು? ನೀರು ಹಿಡಿಯುವ ಜಾಗವನ್ನು ಮೊದಲು ನೋಡಿ. ಬಯಲಾಗಿ ಹರಿಯುವ ಹಳ್ಳಕ್ಕಿಂತ ನೆಲದಿಂದ ಆಗ ತಾನೇ ಹೊರಡುವ ಒರತೆ ಮೇಲು, ಮಣ್ಣು ಅದನ್ನು ಒಂದಿಷ್ಟು ಸೋಸಿರುತ್ತದೆ. ಒರತೆಯ ಬಾಯಿಗೇ ಕಲ್ಲಿನ ತೊಟ್ಟಿ ಕಟ್ಟಿ, ಮುಚ್ಚಳ ಹಾಕಿ, ಪೈಪನ್ನು ಅಲ್ಲಿಂದಲೇ ತೆಗೆಯಿರಿ. ಮಳೆನೀರು ಮೇಲಿನಿಂದ ನುಗ್ಗದಂತೆ ಒಂದು ಅಗಳು ತೆಗೆದು ಬೇರೆ ಕಡೆ ತಿರುಗಿಸಿ. ದನ ಹತ್ತಿರ ಬಾರದಂತೆ ಬೇಲಿ ಹಾಕಿ. ಎರಡು ಮೂರು ಆಳಿನ ಕೆಲಸ, ಬಹಳ ವರ್ಷ ಬಾಳುತ್ತದೆ.

ಅಷ್ಟಾದರೂ ಕುಡಿಯುವ ನೀರನ್ನು ಕುದಿಸಲೇಬೇಕು. ಗುಳ್ಳೆ ಎದ್ದು ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಸಾಕು. ಬಹಳ ಎತ್ತರದ ಕಡೆ ಮೂರು ನಿಮಿಷ ಬೇಕೆನ್ನುತ್ತಾರೆ, ಆದರೆ ಆ ಲೆಕ್ಕ 2000 ಮೀಟರಿನ ಮೇಲಿನದು. ನಮ್ಮ ಮುಳ್ಳಯ್ಯನಗಿರಿಯೇ ಅಷ್ಟನ್ನು ಮುಟ್ಟುವುದಿಲ್ಲ. ಸೌದೆ ಖರ್ಚು ಎನ್ನುವವರಿಗೆ ಒಂದು ಮಾತು: ಮಲೆನಾಡಿನ ಬಚ್ಚಲೊಲೆ ದಿನವೂ ಉರಿಯುತ್ತದೆ. ಸ್ನಾನದ ಹಂಡೆ ಕಾದ ಮೇಲೆ ಅದೇ ಬೆಂಕಿಯ ಮೇಲೆ ಮುಚ್ಚಿದ ಪಾತ್ರೆಯಲ್ಲಿ ಕುಡಿಯುವ ನೀರು ಇಡಬಹುದು. ಕುದಿಸಿದ ನೀರು ಸಪ್ಪೆ ಎಂಬ ದೂರು ನಿಜವೇ. ತೊಳೆದ ಎರಡು ಪಾತ್ರೆಗಳ ನಡುವೆ ನಾಲ್ಕು ಸಲ ಎತ್ತಿ ಹೊಯ್ದರೆ ಗಾಳಿ ಬೆರೆತು ರುಚಿ ಮರಳುತ್ತದೆ. ಆರಿದ ಮೇಲೆ ಅದೇ ಕೊಡಕ್ಕೆ ಮಕ್ಕಳು ಕೈ ಅದ್ದಿದರೆ ಕುದಿಸಿದ್ದು ವ್ಯರ್ಥ. ಮುಚ್ಚಳವೂ ಉದ್ದ ಹಿಡಿಯ ಸೌಟೂ ಇರಲಿ.

ದೊಡ್ಡ ತೊಟ್ಟಿಯಿದ್ದರೆ ಬ್ಲೀಚಿಂಗ್ ಪುಡಿ ಆಗುತ್ತದೆ. ತಿಳಿ ನೀರಾದರೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಸಾಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ರಾತ್ರಿ ತೊಟ್ಟಿಗೆ ಸುರಿಯಿರಿ, ಬೆಳಗ್ಗೆ ಬಳಸಿ. ಪುಡಿ ಹಳತಾಗಿ ಘಾಟು ಹೋಗಿದ್ದರೆ ಗುಣವೂ ಹೋಗಿರುತ್ತದೆ. ಕೆಂಪು ನೀರಿಗೆ ಸುರಿದರೆ ಪ್ರಯೋಜನ ಕಡಿಮೆ. ನುಗ್ಗೆ ಬೀಜದ ಪುಡಿ ಹಾಕಿ ತಿಳಿ ಮಾಡುವುದು ಒಳ್ಳೆಯ ಹಳೆಯ ಉಪಾಯ, ಆದರೆ ಅಲ್ಲಿಗೆ ಕೆಲಸ ಮುಗಿಯಲಿಲ್ಲ, ಆಮೇಲೆ ಕುದಿಸಬೇಕು. ತಿಳಿ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಆರು ಗಂಟೆ ಚುರುಕು ಬಿಸಿಲಿಗಿಡುವುದು ಇನ್ನೊಂದು ಕ್ರಮ. ಆಗುಂಬೆಯ ಜುಲೈ ತಿಂಗಳಲ್ಲಿ ಇದನ್ನು ಹೇಳಿದರೆ ನಗುತ್ತಾರೆ, ಬಯಲುಸೀಮೆಯವರಿಗೆ ಉಪಯೋಗಕ್ಕೆ ಬಂದೀತು.

ಬಟ್ಟೆಯಲ್ಲಿ ಸೋಸುವುದನ್ನು ಅಲ್ಲಗಳೆಯಬೇಡಿ. ಬಾಂಗ್ಲಾದೇಶದಲ್ಲಿ ಹಳೆಯ ಸೀರೆಯನ್ನು ಮಡಿಸಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಸುಮಾರು ಅರ್ಧಕ್ಕೆ ಇಳಿದದ್ದನ್ನು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಮ್ಮಲ್ಲಿಯೂ ರಾಯಚೂರು, ಗುಲ್ಬರ್ಗ ಕಡೆಯ ಹಿರಿಯರಿಗೆ ನಾರುಹುಣ್ಣಿನ ನೆನಪು ಇದ್ದೀತು. ಮೆಟ್ಟಿಲು ಬಾವಿಯ ನೀರಿನಿಂದ ಹೊಟ್ಟೆ ಸೇರಿದ ಹುಳು ವರ್ಷದ ಮೇಲೆ ಕಾಲಿನಿಂದ ಹೊರಬರುತ್ತಿತ್ತು, ಅದೂ ಬಿತ್ತನೆಯ ಹೊತ್ತಿಗೆ ಆದರೆ ಹೊಲ ಪಾಳು. ನೀರು ಸೋಸಿ, ಬಾವಿಗೆ ಕಾಲಿಡದೆ, ಕೊಳವೆ ಬಾವಿ ತೋಡಿ ಜನ ಅದನ್ನು ಓಡಿಸಿದರು. ಭಾರತದಲ್ಲಿ ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ದೇಶ ಈ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಸೋಸಿದ ಬಟ್ಟೆ ಹುಳವನ್ನು ಹೊತ್ತ ಸಣ್ಣ ಜೀವಿಯನ್ನು ತಡೆದೀತು, ಟೈಫಾಯಿಡ್ ಅಣುವನ್ನು ತಡೆಯಲಾರದು ಎಂಬುದು ನೆನಪಿರಲಿ.

ಇಲ್ಲೊಂದು ಕಹಿ ಮಾತನ್ನೂ ಆಡಬೇಕಾಗಿದೆ. ಕುದಿಸಿದ ನೀರು ಯಜಮಾನರ ಮನೆಯೊಳಗೆ ಉಳಿದು, ತೋಟಕ್ಕೆ ಬಂದ ಆಳುಗಳು ಹಳ್ಳಕ್ಕೆ ಬಾಗಿ ಬೊಗಸೆಯಲ್ಲಿ ಕುಡಿಯುವುದನ್ನು ನಾವು ಕಂಡಿದ್ದೇವೆ. ‘ಅವರಿಗೆ ಅದೇ ಅಭ್ಯಾಸ’ ಎನ್ನುತ್ತಾರೆ. ಕೊಯ್ಲಿನ ನಡುವೆ ಇಬ್ಬರಿಗೆ ಜ್ವರ ಬಂದು ಮಲಗಿದಾಗ ‘ಆಳು ಸಿಗುವುದಿಲ್ಲ’ ಎನ್ನುವವರೂ ಅವರೇ. ಬೆಳಗ್ಗೆ ಕಾಫಿ, ತಿಂಡಿಯ ಜೊತೆ ಒಂದು ಕೊಡ ಆರಿದ ನೀರು ತೋಟಕ್ಕೆ ಹೋಗಲಿ.

ಎಚ್ಚರ ತಪ್ಪಿ ಮಗುವಿಗೆ ಭೇದಿ ಶುರುವಾದರೆ ನೀರು ಕೊಡುವುದನ್ನು ನಿಲ್ಲಿಸಬೇಡಿ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಸ್ವಲ್ಪಸ್ವಲ್ಪವಾಗಿ ಕುಡಿಸುತ್ತಾ ಆಸ್ಪತ್ರೆಗೆ ಹೊರಡಿ. ಕಣ್ಣು ಒಳಗೆ ಹೋಗಿದ್ದರೆ, ಮಲದಲ್ಲಿ ರಕ್ತ ಕಂಡರೆ ನಾಳೆ ನೋಡೋಣ ಎನ್ನಬೇಡಿ.

ಪತ್ರ ಬರೆದ ಮಿತ್ರರಿಗೆ ನಮ್ಮ ಮಾತಿನ ಮೇಲೆ ನಂಬಿಕೆ ಬಾರದಿದ್ದರೆ ಅವರೇ ಪರೀಕ್ಷಿಸಿಕೊಳ್ಳಲಿ. 1982ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ರೂಪಿಸಿದ ಒಂದು ಸಣ್ಣ ಬಾಟಲಿಯ ಪರೀಕ್ಷೆ ಇದೆ. ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ ಹೊಲಸು ಬೆರೆತ ನೀರು ಕಪ್ಪಾಗುತ್ತದೆ. ಜಲಜೀವನ್ ಯೋಜನೆಯಲ್ಲಿ ನೀರು ಪರೀಕ್ಷಿಸಲು ಊರಿನ ಹೆಂಗಸರಿಗೇ ತರಬೇತಿ ಕೊಡಲಾಗಿದೆ. ಪಂಚಾಯಿತಿಯಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ಬಾಟಲಿ ಕಪ್ಪಾದರೆ ಅದನ್ನು ಹಿಡಿದುಕೊಂಡು ಮೇಲಿನ ತೋಟದವರ ಮನೆಗೆ ಹೋಗಿ. ಜಗಳಕ್ಕೆ ಬೇಡ, ಅವರೂ ಯಾರದೋ ಕೆಳಗಿನವರೇ. ಬಾಟಲಿ ಏನು ಹೇಳಿತೆಂದು ನಮಗೂ ಒಂದು ಕಾರ್ಡು ಬರೆಯಿರಿ.