ಟನ್ನಿನ ಲೆಕ್ಕ ಮುಗಿಯಿತು

ನಾರ್ವೆಯ ಕಡಲಂಚಿನಲ್ಲಿ ಹುಟ್ಟಿದವರು, ದುಡಿಮೆಗೆಂದು ಬಂದವರು, ಸಾಲ್ಮನ್ ಪಂಜರಗಳ ಸುತ್ತಲೇ ಬದುಕು ಕಟ್ಟಿಕೊಂಡವರು, ನಾವು ಇಂದು ಒಂದಾಗಿದ್ದೇವೆ. ಮೀನು ಸಾಕಣೆಯ ಹಳೆಯ ಲೆಕ್ಕ ಮುಗಿದಿದೆ. ಹೊಸದನ್ನು ನಾವು ಬರೆಯುತ್ತೇವೆ.

1970ರಲ್ಲಿ ಹಿತ್ರಾ ದ್ವೀಪದ ಗ್ರೋಂಟ್‌ವೆಟ್ ಸಹೋದರರು ಸಾಲ್ಮನ್ ಮರಿಗಳನ್ನು ತೇಲುವ ಪಂಜರಕ್ಕೆ ಬಿಟ್ಟಾಗ ಕರಾವಳಿಯ ಹಳ್ಳಿಗಳಿಗೆ ಹೊಸ ಅನ್ನದ ದಾರಿ ತೆರೆಯಿತು. ಆ ಅನ್ನ ನಾವೂ ಉಂಡಿದ್ದೇವೆ, ಅಲ್ಲಗಳೆಯುವುದಿಲ್ಲ. ಇಂದು ಒಂದೇ ಪಂಜರದಲ್ಲಿ 2 ಲಕ್ಷ ಮೀನು ಇಡಲು ಕಾನೂನೇ ಒಪ್ಪುತ್ತದೆ. ಪರವಾನಗಿ ಟನ್ನಿನಲ್ಲಿ, ಮಾರಾಟ ಟನ್ನಿನಲ್ಲಿ. ಒಂದೊಂದು ಮೀನಿನ ಲೆಕ್ಕದಲ್ಲಿ ಗಡಿ ಹಾಕಿರುವುದು ಅದರ ಮೈಗೆ ಅಂಟುವ ಕಡಲ ಹೇನಿಗೆ ಮಾತ್ರ: ವರ್ಷದ ಬಹುಪಾಲು, ಮೀನೊಂದಕ್ಕೆ ಸರಾಸರಿ 0.5ರಷ್ಟು ಬಲಿತ ಹೆಣ್ಣು ಹೇನು. ಹೇನಿಗೆ ದಶಮಾಂಶದ ಮರ್ಯಾದೆಯುಂಟು, ಅದನ್ನು ಹೊತ್ತ ಮೀನಿಗಿಲ್ಲ.

ಆ ಹೇನು ಔಷಧಗಳಿಗೆ ಜಗ್ಗದೆ ಹೋದಾಗ ಬಿಸಿನೀರು ಬಂತು. ತಣ್ಣನೆಯ ಕಡಲಲ್ಲಿದ್ದ ಮೀನನ್ನು ಪಂಪಿನಿಂದ ಹೀರಿ, 28ರಿಂದ 34 ಡಿಗ್ರಿಯ ನೀರಿನಲ್ಲಿ ಸುಮಾರು ಅರ್ಧ ನಿಮಿಷ ಹಾಯಿಸುತ್ತಾರೆ. ಹೇನು ಉದುರುತ್ತದೆ. ಮೀನು ಗೋಡೆಗೆ ಬಡಿದುಕೊಂಡು ಒದ್ದಾಡುತ್ತದೆ. ಕಿವಿರಿಗೆ ಗಾಯವಾಗುತ್ತದೆ, ಹುರುಪೆ ಕಿತ್ತು ಬರುತ್ತದೆ, ಎಷ್ಟೋ ಮೀನು ಆಮೇಲೆ ಚೇತರಿಸಿಕೊಳ್ಳುವುದೇ ಇಲ್ಲ. ಹೇನು ತಿನ್ನಲೆಂದು ಒಳಗೆ ಬಿಟ್ಟ ಲಂಪ್‌ಫಿಷ್‌ಗಳದು ಇನ್ನೂ ದೊಡ್ಡ ಗೋಳು, ಅವು ಬಹುಪಾಲು ಪಂಜರದಲ್ಲೇ ಸಾಯುತ್ತವೆ. 2023ರಲ್ಲಿ ನಾರ್ವೆಯ ಕಡಲ ಪಂಜರಗಳಲ್ಲಿ ಸತ್ತ ಸಾಲ್ಮನ್ 6 ಕೋಟಿ 28 ಲಕ್ಷ. ಕಸುಬಿನವರ ಬಾಯಲ್ಲಿ ಇದರ ಹೆಸರು ‘ಸ್ವಿನ್’, ಅಂದರೆ ಸೋರಿಕೆ. ಅಂಗಡಿಯ ಮೂಟೆಯಿಂದ ಅಕ್ಕಿ ಸೋರಿದರೆ ಆಡುವಂಥ ಮಾತು. ನಮ್ಮ ಚಳವಳಿಯಲ್ಲಿ ಆ ಪದಕ್ಕೆ ಜಾಗವಿಲ್ಲ.

2017ರಿಂದ ಸರ್ಕಾರ ಕರಾವಳಿಯನ್ನು 13 ವಲಯಗಳಾಗಿ ಹಂಚಿ, ಎಲ್ಲಿ ಸಾಕಣೆ ಬೆಳೆಯಬಹುದು, ಎಲ್ಲಿ ಕೂಡದು ಎಂದು ಹಸಿರು, ಹಳದಿ, ಕೆಂಪು ದೀಪ ತೋರಿಸುತ್ತ ಬಂದಿದೆ. ದೀಪ ಕೇಳುವುದು ಒಂದನ್ನೇ: ಹೊಳೆಯಿಂದ ಕಡಲಿಗಿಳಿಯುವ ಸಾಲ್ಮನ್ ಮರಿಗಳಲ್ಲಿ ಎಷ್ಟು ಈ ಹೇನಿಗೆ ಬಲಿಯಾದವು? ಒಳ್ಳೆಯ ಪ್ರಶ್ನೆಯೇ. ಪಂಜರದೊಳಗಿನವನ್ನು ಯಾರು ಕೇಳಬೇಕು?

ಮೀನಿಗೆ ನೋವಿದೆ ಎಂದು ನಾವು ನಂಬುತ್ತೇವೆ. 2003ರಲ್ಲಿ ಲಿನ್ ಸ್ನೆಡ್ಡನ್ ಮತ್ತು ಸಂಗಡಿಗರು ಸಾಲ್ಮನ್‌ನ ದಾಯಾದಿಯಾದ ರೇನ್‌ಬೋ ಟ್ರೌಟ್‌ನ ತುಟಿಗೆ ಆಮ್ಲ ಚುಚ್ಚಿದರು. ಅದು ಮೇವು ಬಿಟ್ಟಿತು, ತುಟಿಯನ್ನು ತಳದ ಗರಸಿಗೆ ಉಜ್ಜಿಕೊಂಡಿತು. ಮನುಷ್ಯನಿಗೆ ಉಪಯೋಗವಿರಲಿ ಇಲ್ಲದಿರಲಿ ಪ್ರಾಣಿಗೆ ತನ್ನದೇ ಬೆಲೆಯಿದೆ ಎನ್ನುತ್ತದೆ ನಾರ್ವೆಯ 2009ರ ಪ್ರಾಣಿ ಕಲ್ಯಾಣ ಕಾಯ್ದೆ, ಮೀನನ್ನೂ ಸೇರಿಸಿಕೊಂಡು. ಬರೆದಿಟ್ಟದ್ದು ನಡೆಯುವಂತೆ ಮಾಡುವುದೇ ನಮ್ಮ ಮೊದಲ ಕೆಲಸ.

ಬಿಸಿನೀರಿನ ಹಿಂಸೆ ನಿಲ್ಲುತ್ತದೆ. ಒಂದು ಮೀನಿನ ಹೇನಿಗೆ ಇನ್ನೊಂದು ಮೀನನ್ನು ಬಲಿಕೊಡುವುದು ನಿಲ್ಲುತ್ತದೆ. ಯಾವ ಪಂಜರದಲ್ಲಿ ಎಷ್ಟು ಸತ್ತವು, ಏಕೆ ಸತ್ತವು ಎಂಬುದು ಮಾರುವ ಪೆಟ್ಟಿಗೆಯ ಮೇಲೆಯೇ ಅಚ್ಚಾಗುತ್ತದೆ. ಬದುಕಿಸಲಾರದವರಿಗೆ ಮತ್ತೊಂದು ಪಂಜರವಿಲ್ಲ. ಮೀನು ಉಣ್ಣುವವರೂ ಬಿಟ್ಟವರೂ ನಮ್ಮಲ್ಲಿದ್ದಾರೆ. ಆ ಜಗಳವನ್ನು ಊಟದ ಹೊತ್ತಿಗೆ ಇಟ್ಟುಕೊಂಡಿದ್ದೇವೆ.

ಸಂಗಾತಿಗಳೇ, ಪಂಜರದ ತಳದಿಂದ ಸತ್ತ ಮೀನು ಎತ್ತುವವರು ಮೊದಲು ಬನ್ನಿ. ದಿನವೂ ಅವನ್ನು ಕಾಣುವವರು ನೀವು. ಬರುವಾಗ ನಿಮ್ಮ ಲೆಕ್ಕದ ಪುಸ್ತಕ ತನ್ನಿ.