ನೋಯದ ಪಾದಕ್ಕೆ ಯಾವ ಸೊಪ್ಪು?

ಕಿನ್ನಾಳದ ಚಿತ್ರಗಾರರ ಓಣಿಯಲ್ಲಿ ಉಳಿ ಜಾರಿ ಬೆರಳು ಕೊಯ್ದುಕೊಂಡವರು ಅಷ್ಟಕ್ಕೇ ಕೊಪ್ಪಳದ ಬಸ್ಸು ಹತ್ತುವುದಿಲ್ಲ. ಅರಿಸಿನ ಒತ್ತಿ, ಬಟ್ಟೆ ಸುತ್ತಿ ಮತ್ತೆ ಗೊಂಬೆಯ ಮುಂದೆ ಕೂರುತ್ತಾರೆ. ಕುಡಗೋಲು ತಾಗಿದವರು ಹೊಲದ ಬದುವಿನ ಸೊಪ್ಪು ತಿಕ್ಕಿ ರಸ ಹಿಂಡುತ್ತಾರೆ. ಗಾಯ ಮಾಯುತ್ತದೆ. ರಕ್ತ ಚೆನ್ನಾಗಿ ಹರಿಯುವ ಮೈಯಲ್ಲಿ ಸಣ್ಣ ಗಾಯ ತಾನಾಗಿಯೇ ಮಾಯುವಂಥದ್ದು. ಹೆಸರು ಮಾತ್ರ ಅರಿಸಿನಕ್ಕೆ, ಸೊಪ್ಪಿಗೆ ಬರುತ್ತದೆ.

ಇದೇ ನಂಬಿಕೆಯನ್ನು ವರ್ಷಗಟ್ಟಲೆ ಶುಗರ್ ಇರುವವರ ಅಂಗಾಲಿಗೂ ಹಚ್ಚುತ್ತೇವಲ್ಲ, ನನ್ನ ತಕರಾರು ಅಲ್ಲಿದೆ. ಅಲ್ಲಿ ನರಗಳು ಸತ್ತಿರುತ್ತವೆ, ರಕ್ತನಾಳಗಳು ಕಿರಿದಾಗಿರುತ್ತವೆ. ಜಾಲಿಮುಳ್ಳು ಮುರಿದು ಒಳಗೇ ಉಳಿದರೂ ತಿಳಿಯುವುದಿಲ್ಲ. ಹುಣ್ಣಿಮೆಗೆ ಬರಿಗಾಲಲ್ಲಿ ಹುಲಿಗೆಮ್ಮನ ದರ್ಶನಕ್ಕೆ ನಡೆದವರಿಗೆ ಕಾದ ಡಾಂಬರು ಬೊಬ್ಬೆ ಎಬ್ಬಿಸಿದ್ದು ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ. ಕೇಳಿದರೆ, ‘ಬ್ಯಾನಿ ಏನಿಲ್ರೀ, ಹಂಗ ಮಾಯ್ತೈತಿ ಬಿಡ್ರಿ’ ಎನ್ನುತ್ತಾರೆ. ಆ ನೋವಿಲ್ಲದಿರುವುದೇ ರೋಗ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಇಂಥವರಲ್ಲಿ ಕಾಲು ಕತ್ತರಿಸಬೇಕಾಗಿ ಬಂದ ಪ್ರಕರಣಗಳಲ್ಲಿ ಹೆಚ್ಚಿನವು ಶುರುವಾಗುವುದು ಪಾದದ ಒಂದು ಹುಣ್ಣಿನಿಂದ.

ಜೇನಿನ ಮಾತು ತೆಗೆಯದೆ ಇರಲಾಗದು. ಜೇನಿಗೆ ಗುಣವಿದೆ. ಅದರ ಗಾಢ ಸಕ್ಕರೆ ಸೂಕ್ಷ್ಮಜೀವಿಗಳ ನೀರನ್ನು ಹೀರುತ್ತದೆ, ಹುಳಿ ಅವುಗಳಿಗೆ ಒಗ್ಗುವುದಿಲ್ಲ, ಅದರೊಳಗಿನ ಕಿಣ್ವವೊಂದು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಆದರೆ ಆಸ್ಪತ್ರೆಯ ಜೇನುಪಟ್ಟಿಗೆ ಬಳಸುವುದು ಗಾಮಾ ಕಿರಣ ಹಾಯಿಸಿ ಶುದ್ಧಗೊಳಿಸಿದ ಜೇನು. ಅಂಗಡಿಯ ಬಾಟಲಿಯದು ಕಾಯಿಸಿ ಸೋಸಿದ್ದಿರಬಹುದು. ಹುಟ್ಟಿನಿಂದ ಹಿಂಡಿದ ಹಸಿ ಜೇನಿನಲ್ಲಿ ರೋಗಾಣುಗಳ ಬೀಜಕಣಗಳು ಇರಬಹುದು. ಸಣ್ಣ ಸುಟ್ಟಗಾಯಕ್ಕೆ ಜೇನು ಉಪಕಾರಿ ಎಂಬುದಕ್ಕೆ ಆಧಾರಗಳಿವೆ. ಮಧುಮೇಹಿಯ ಪಾದದ ಹುಣ್ಣಿಗೆ ಅಂಥ ಗಟ್ಟಿ ಆಧಾರ ಸಿಕ್ಕಿಲ್ಲ. ಮಧುಮೇಹದ ಪಾದ ಕುರಿತ ಅಂತರರಾಷ್ಟ್ರೀಯ ತಜ್ಞರ 2023ರ ಮಾರ್ಗಸೂಚಿ, ಹುಣ್ಣು ಮಾಯಿಸಲೆಂದು ಜೇನು, ಗಿಡಮೂಲಿಕೆಯ ಪಟ್ಟಿ ಬಳಸಬೇಡಿ ಎಂದೇ ಹೇಳಿದೆ. ಲೋಳೆಸರ, ಬೇವು, ಅರಿಸಿನಗಳ ಮೇಲಿನ ಭರವಸೆಯ ಫಲಿತಾಂಶಗಳು ಬಹುಪಾಲು ಇಲಿಗಳ ಮೇಲಿನ ಪ್ರಯೋಗದವು. ಸುಣ್ಣ, ಬೂದಿ, ತಂಬಾಕು, ಸಗಣಿಯನ್ನಂತೂ ಯಾವ ಗಾಯದ ಹತ್ತಿರವೂ ತರಬಾರದು.

ಹಾಗೆಂದರೆ ನಮ್ಮ ವೈದ್ಯ ಪರಂಪರೆಗೆ ಅವಮಾನ ಎಂದು ಕೆಲವರು ಮುನಿಯುತ್ತಾರೆ. ಮಧುಮೇಹಿಗಳ ವ್ರಣ ಬಲು ಕಷ್ಟದಿಂದ ಮಾಯುತ್ತದೆಂದು ಸುಶ್ರುತನೇ ಹೇಳಿದ್ದಾನೆ. ವ್ರಣವನ್ನು ಮೊದಲು ಶೋಧಿಸಬೇಕು, ಮಾಯಿಸುವ ಲೇಪ ಆಮೇಲೆ ಎಂಬ ಕ್ರಮವೂ ಅವನದೇ. ಕೀವಿನ ಮೇಲೆ ಸೊಪ್ಪು ಅರೆದು ಕಟ್ಟಿ ಎಂಟು ದಿನ ಬಿಚ್ಚದೆ ಇಡುವುದು ಆಯುರ್ವೇದವೂ ಅಲ್ಲ.

ಹುಣ್ಣಿಗೆ ನಿಜವಾದ ಮದ್ದು ಅದರ ಮೇಲಿನ ಭಾರ ಇಳಿಸುವುದು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಕುಷ್ಠರೋಗಿಗಳ ಪಾದಗಳಲ್ಲಿ ಇದನ್ನು ಕಂಡುಕೊಂಡರು: ಸ್ಪರ್ಶ ಕಳೆದುಕೊಂಡ ಕಾಲಿನ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡವೇ ಹುಣ್ಣನ್ನು ಮಾಯಗೊಡುವುದಿಲ್ಲ. ಮುಂದೆ ಅಮೆರಿಕದಲ್ಲಿ ಅದೇ ತಿಳಿವಳಿಕೆ ಮಧುಮೇಹಿಗಳ ಪಾದಕ್ಕೂ ಒದಗಿತು. ಶುಗರ್ ಹತೋಟಿ, ಸತ್ತ ಚರ್ಮ ತೆಗೆಸುವುದು, ಸೋಂಕಿಗೆ ಔಷಧ, ರಕ್ತದ ಹರಿವಿನ ಪರೀಕ್ಷೆ, ಇವೆಲ್ಲ ಅದರ ಜೊತೆಗೆ ನಡೆಯಬೇಕು. ಮನೆಯಲ್ಲಿ ಮಾಡಬಹುದಾದದ್ದು ಇಷ್ಟೇ: ಶುದ್ಧ ನೀರಲ್ಲಿ ತೊಳೆದು, ಒಗೆದೊಣಗಿಸಿದ ಬಟ್ಟೆ ಸುತ್ತಿ, ಆ ಕಾಲು ಊರದೆ ಅಂದೋ ಮಾರನೇ ದಿನವೋ ದವಾಖಾನೆಗೆ ಹೋಗುವುದು. ಕೊಪ್ಪಳದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಗವಿಸಿದ್ಧೇಶ್ವರರ ಹೆಸರಿನ ಆಯುರ್ವೇದ ಕಾಲೇಜೂ ಇದೆ. ಎರಡೂ ಕಡೆಯವರು ಮೊದಲು ಗಾಯ ಬಿಚ್ಚಿ ನೋಡುತ್ತಾರೆ.

ಬೆರಳು ಕಪ್ಪಾಗಿದ್ದರೆ, ವಾಸನೆ ಬಂದರೆ, ಕೆಂಪು ಮೇಲಕ್ಕೆ ಏರುತ್ತಿದ್ದರೆ ಮಾರನೇ ದಿನಕ್ಕೂ ಕಾಯಬಾರದು.

ಸರ್ಕಾರಕ್ಕೂ ಒಂದು ಮಾತು. ಬಿಪಿ, ಶುಗರ್ ನೋಡಲು ಮನೆಬಾಗಿಲಿಗೆ ಬರುವ ಸಿಬ್ಬಂದಿ ಅಂಗಾಲನ್ನೂ ತಿರುಗಿಸಿ ನೋಡಲಿ. ಸ್ಪರ್ಶ ಕಳೆದುಕೊಂಡ ಕುಷ್ಠರೋಗಿಗಳಿಗೆ ಮೆತ್ತನೆಯ ಎಂಸಿಆರ್ ಚಪ್ಪಲಿಯನ್ನು ರಾಷ್ಟ್ರೀಯ ಕಾರ್ಯಕ್ರಮದಡಿ ಉಚಿತವಾಗಿ ಕೊಡಲಾಗುತ್ತದೆ. ಸ್ಪರ್ಶ ಕಳೆದುಕೊಂಡ ಮಧುಮೇಹಿಗೂ ಅದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತವಾಗಿ ಸಿಗುವಂತಾಗಲಿ.